ಹೊಲಿದ ಹಡಗು, 1:50: ಎರಡನೇ ಒಡಲಿನ ಕೆಲಸ

ಈ ಪುಟ್ಟ ಮಾದರಿಗೆ ಮೂಲ ಭಾರತೀಯ ನೌಕಾಪಡೆಯ ಹಾಯಿಹಡಗು ಐಎನ್‌ಎಸ್‌ವಿ ಕೌಂಡಿನ್ಯ. ಅಜಂತಾ ಚಿತ್ರದಲ್ಲಿರುವ 5ನೇ ಶತಮಾನದ ಹಡಗನ್ನು ಆಧಾರವಾಗಿಟ್ಟುಕೊಂಡು ಗೋವಾದಲ್ಲಿ ಕಟ್ಟಿದ್ದು. 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿತು. ಹಲಗೆಗೆ ಹಲಗೆಯನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಹಡಗು. ಉದ್ದ 19.6 ಮೀಟರ್, ಅಗಲ 6.5 ಮೀಟರ್. 1:50ಕ್ಕೆ ಇಳಿಸಿದರೆ 39.2 ಸೆಂ.ಮೀ. ಉದ್ದ, 13 ಸೆಂ.ಮೀ. ಅಗಲ, ಅಂದರೆ ಶೋಕೇಸಿನಲ್ಲಿ ಸರಾಗವಾಗಿ ಕೂರುವ ಅಳತೆ. 1:30 ಆಗಿದ್ದರೆ ಹೊಲಿಗೆ ಸುಲಭವಿತ್ತು. ಆದರೆ 65 ಸೆಂ.ಮೀ. ಹಡಗಿಗೆ ಮನೆಯಲ್ಲಿ ಸಿಗುವ ಜಾಗ ಅಲಮಾರದ ನೆತ್ತಿ ಮಾತ್ರ. ಅಲ್ಲಿಗೆ ಹತ್ತಿದ್ದು ದೂಳಿನಲ್ಲಿ ಮುಳುಗಿದ ಹಾಗೆಯೇ.

ಮಾರ್ಚ್, ಮೂರನೇ ವಾರ

ಮೊದಲ ಒಡಲು ಬಾಯಿಬಿಟ್ಟಿದೆ. ಆಗಸ್ಟ್‌ನಲ್ಲಿ ಅಂಟಿಸಿದ್ದು, ಏಳು ತಿಂಗಳು ಚೆನ್ನಾಗಿತ್ತು. ಈಗ ಪ್ರತಿ ಪಕ್ಕದಲ್ಲೂ ಮೂರು ಸಂದು 0.3ರಿಂದ 0.4 ಮಿ.ಮೀ. ತೆರೆದಿವೆ.

ಲೆಕ್ಕ ಹೀಗೆ: ಪಕ್ಕಕ್ಕೆ 11 ಮಿ.ಮೀ. ಅಗಲದ ಒಂಬತ್ತು ಸಾಗವಾನಿ ಹಲಗೆ. ಮರದ ತೇವಾಂಶ ಶೇ 12ರಿಂದ 6ಕ್ಕೆ ಇಳಿದರೆ ಉಂಗುರದ ಗೆರೆಗಳು ಮುಖಕ್ಕೆ ಮಲಗಿರುವಂತೆ ಸೀಳಿದ ಸಾಗವಾನಿ ನೂರಕ್ಕೆ ಒಂದರಷ್ಟು ಕುಗ್ಗುತ್ತದೆ. ಹಲಗೆಗೆ 0.1 ಮಿ.ಮೀ. ಏನೂ ಅಲ್ಲ ಅನಿಸಬಹುದು, ಒಂಬತ್ತು ಸೇರಿದರೆ ಸುಮಾರು 1 ಮಿ.ಮೀ. ಆಗುತ್ತದೆ. ಹಲಗೆಗಳು ಪರಸ್ಪರ ಮಾತ್ರ ಅಂಟಿದ್ದರೆ ಇಡೀ ಚಿಪ್ಪು ಒಟ್ಟಿಗೆ ಕುಗ್ಗಿ ಸುಮ್ಮನಿರುತ್ತಿತ್ತು. ಇಲ್ಲಿ ಅವನ್ನು ಪ್ಲೈವುಡ್ ಅಡ್ಡಪಕ್ಕೆಗಳಿಗೂ ಅಂಟಿಸಲಾಗಿತ್ತು. ಪ್ಲೈವುಡ್ ಅಷ್ಟಾಗಿ ಕುಗ್ಗುವುದಿಲ್ಲ. ಹಲಗೆ ಎಳೆಯುತ್ತದೆ, ಪಕ್ಕೆ ಬಿಡುವುದಿಲ್ಲ. ಅಂಟು ಎಲ್ಲಿ ತೆಳುವಾಗಿದೆಯೋ ಆ ಸಂದು ಎಲ್ಲರ ಪಾಲನ್ನೂ ತಾನೇ ನುಂಗುತ್ತದೆ.

ಸಂದಿಗೆ ಮರದ ಪುಟ್ಟಿ ತುಂಬುವುದು ದಂಡ. ಮಳೆಗಾಲದಲ್ಲಿ ಹಲಗೆ ಉಬ್ಬಿದಾಗ ಪುಟ್ಟಿ ಹೊರಗೆ ಗೆರೆಯಾಗಿ ಎದ್ದು ನಿಲ್ಲುತ್ತದೆ. ಒಡಲನ್ನು ಪಕ್ಕಕ್ಕಿಟ್ಟು ಹೊಸದು ಶುರು.

ಏಪ್ರಿಲ್

ಸಾಗವಾನಿ ಬಡಗಿ ಅಂಗಡಿಯ ಬಾಗಿಲು ಚೌಕಟ್ಟಿನ ತುಂಡು. ತುದಿ ನೋಡಿ ಆರಿಸಬೇಕು: ವರ್ಷದ ಉಂಗುರದ ಗೆರೆಗಳು ಹಲಗೆಯ ಮುಖಕ್ಕೆ ನೆಟ್ಟಗೆ ನಿಂತಿದ್ದರೆ ಕುಗ್ಗುವುದು ಅರ್ಧಕ್ಕರ್ಧ ಕಡಿಮೆ. 1.5 ಮಿ.ಮೀ. ದಪ್ಪಕ್ಕೆ 24 ಪಟ್ಟಿ ಸೀಳಿಸಲಾಗಿದೆ. ಬೇಕಿರುವುದು 18; ಬಾಗಿಸುವಾಗ ನಾಲ್ಕೈದು ಮುರಿಯುವುದು ಖಾತ್ರಿ. ಬೇವು ಇಲ್ಲಿ ಧಾರಾಳವಾಗಿ ಸಿಗುತ್ತದೆ, ಆದರೆ ಇಷ್ಟು ತೆಳುವಾದರೆ ತಿರುಚಿಕೊಳ್ಳುತ್ತದೆ. ಕಿನ್ನಾಳದವರು ಗೊಂಬೆಗೆ ಬಳಸುವ ಹಗುರ ಮರ ಕೆತ್ತಲು ಬೆಣ್ಣೆ, ಆದರೆ 0.8 ಮಿ.ಮೀ. ತೂತಿನ ಅಂಚಿನಲ್ಲಿ ಹತ್ತಿಯ ಹಾಗೆ ಎಳೆ ಬಿಡುತ್ತದೆ.

ಪಟ್ಟಿಗಳನ್ನು ನಡುವೆ ಕಡ್ಡಿ ಇಟ್ಟು ಪೇರಿಸಿ ನಾಲ್ಕು ವಾರ ಕೋಣೆಯಲ್ಲೇ ಬಿಡಲಾಯಿತು. ಬಿಸಿಲಿಗಿಟ್ಟರೆ ಒಂದೇ ಮಗ್ಗುಲು ಒಣಗಿ ದೋಣಿಯಾಗುತ್ತದೆ. ಕೊಪ್ಪಳದ ಈ ಒಣ ಹವೆ ಮಳೆ ಶುರುವಾದ ಮೇಲೆ ಸಿಗುವುದಿಲ್ಲ, ಅಂಟಿಸುವ ಕೆಲಸ ಅದಕ್ಕೆ ಮುಂಚೆಯೇ ಮುಗಿಯಬೇಕು. ಮುಂದೆ ಮಳೆಗೆ ಹಲಗೆ ಉಬ್ಬಿದರೆ ಸಂದು ಬಿಗಿಯಾಗುತ್ತದೆಯೇ ಹೊರತು ತೆರೆಯುವುದಿಲ್ಲ.

ಮೇ, ಮೊದಲೆರಡು ವಾರ

ಅಚ್ಚು: 4 ಮಿ.ಮೀ. ಪ್ಲೈವುಡ್‌ನ 11 ಅಡ್ಡಪಟ್ಟಿ, 35 ಮಿ.ಮೀ.ಗೆ ಒಂದು, ಮೇಲೆ ಪ್ಯಾಕಿಂಗ್ ಟೇಪು. ಟೇಪಿಗೆ ಫೆವಿಕಾಲ್ ಹಿಡಿಯುವುದಿಲ್ಲ, ಆದ್ದರಿಂದ ಚಿಪ್ಪು ಬಿಡಿಯಾಗಿ ಎದ್ದು ಬರುತ್ತದೆ.

ಪಟ್ಟಿಯನ್ನು ಕುದಿನೀರಲ್ಲಿ 20 ನಿಮಿಷ ಇಟ್ಟು, ಮೂತಿಯ ಕಡೆಯ ಮೂರನೇ ಒಂದು ಭಾಗವನ್ನು ಬಿಸಿಯಾದ ಸೋಲ್ಡರಿಂಗ್ ಐರನ್ನಿನ ಕೊಳವೆಯ ಮೇಲೆ ಮೆಲ್ಲಗೆ ಎಳೆಯುತ್ತಾ ಬಾಗಿಸಬೇಕು. ಅಚ್ಚಿಗೆ ಬಟ್ಟೆ ಕ್ಲಿಪ್ಪು ಹಾಕಿ ಒಂದು ರಾತ್ರಿ ಬಿಟ್ಟ ಮೇಲೆಯೇ ಅಂಟು. ಹಸಿಯಿದ್ದಾಗಲೇ ಅಂಟಿಸಿದರೆ ಮೊದಲ ಒಡಲಿನ ಕಥೆಯೇ ಮತ್ತೆ. ಸಾಗವಾನಿಯಲ್ಲಿ ಎಣ್ಣೆ ಜಾಸ್ತಿ, ಅಂಟು ಜಾರುತ್ತದೆ. ಅಂಚನ್ನು ಅಸಿಟೋನ್ ಬಟ್ಟೆಯಿಂದ ಒರೆಸಿ ಹತ್ತು ನಿಮಿಷದೊಳಗೆ ಫೆವಿಕಾಲ್ ಮರೈನ್ ಸವರುವುದು. ಫೆವಿಕ್ವಿಕ್ ಬೇಡ. ಸಂದು ಗಾಜಿನಂತೆ ಗಡುಸಾಗಿ, ತೂತು ಕೊರೆಯುವಾಗ ಚಟ್ಟನೆ ಬಿಡುತ್ತದೆ.

ಅಚ್ಚಿನಿಂದ ಎತ್ತಿದ ಕೂಡಲೇ ಬಾಯಿ ಅಗಲವಾಗಿ 130 ಮಿ.ಮೀ. ಇದ್ದದ್ದು 137 ಆಯಿತು. ಬಾಗಿಸಿದ ಮರ ತನ್ನ ಹಳೆಯ ರೂಪ ನೆನೆಯುತ್ತದೆ. ಮೂರು ಕಡೆ ಅಡ್ಡ ದಾರ ಬಿಗಿದು 130ಕ್ಕೆ ಎಳೆದಿದೆ. ಅಟ್ಟದ (ಡೆಕ್ಕಿನ) ತೊಲೆ ಕೂರುವ ತನಕ ಬಿಚ್ಚುವ ಹಾಗಿಲ್ಲ.

ಹೊಲಿಯುವ ಮುಂಚೆ ಎಣ್ಣೆ. ಕಾಯಿಸಿದ ಅಗಸೆ ಎಣ್ಣೆ, ಟರ್ಪೆಂಟೈನ್ ಸಮಸಮ, ಎರಡು ಕೈ, ನಡುವೆ ಎರಡು ದಿನ. ಹೊಲಿದ ಮೇಲೆ ಹಚ್ಚಿದರೆ ದಾರ ಕುಡಿದು ಕಪ್ಪಾಗುತ್ತದೆ, ಆಮೇಲೆ ದೂಳನ್ನೂ ಹಿಡಿಯುತ್ತದೆ. ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬಾರದು. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಉಂಡೆಯೊಳಗೆ ಅದು ಕೂಡಿಕೊಂಡು ತಾನಾಗಿ ಬೆಂಕಿ ಹತ್ತಬಹುದು. ನೀರಲ್ಲಿ ಅದ್ದಿ, ಹೊರಗೆ ತಂತಿಯ ಮೇಲೆ ಬಿಡಿಸಿ ಹರವಬೇಕು.

ಜೂನ್: ಹೊಲಿಗೆ

ತೂತುಗಳ ಸಾಲು ನೇರ ಬಾರದಿದ್ದರೆ ಇಡೀ ಶ್ರಮ ಹಾಳು. ಇದಕ್ಕೆ ಒದಗಿದ್ದು ರೇಡಿಯೊ ರಿಪೇರಿಯವರ ಜೀರೊ ಪಿಸಿಬಿ, ಅಂದರೆ ತೂತುಗಳ ಸಾಲಿರುವ ಖಾಲಿ ಸರ್ಕ್ಯೂಟ್ ಹಲಗೆ. ಅದರ ತೂತುಗಳು 2.54 ಮಿ.ಮೀ.ಗೆ ಒಂದರಂತೆ ಕರಾರುವಾಕ್ಕು. ಎರಡು ಸಾಲಿನ ಅಗಲದ ಬದಲು ಮೂರು ಸಾಲಿನ ಪಟ್ಟಿ ಕತ್ತರಿಸಿ, ನಡುಸಾಲನ್ನು ಸಂದಿನ ಮೇಲಿಟ್ಟರೆ ಮೇಲೊಂದು, ಕೆಳಗೊಂದು ಸಾಲು ಅಂಚಿನಿಂದ 2.54 ಮಿ.ಮೀ. ದೂರ ಬೀಳುತ್ತದೆ. ಒಂದು ಬಿಟ್ಟು ಒಂದು ತೂತು ಬಳಸಿದರೆ ಹೊಲಿಗೆಯ ನಡುವೆ 5 ಮಿ.ಮೀ. ಮೊದಲ ಒಡಲಿನಲ್ಲಿ ಅಂಚಿಗೆ 1 ಮಿ.ಮೀ. ಮಾತ್ರ ಬಿಟ್ಟಿದ್ದರಿಂದ ಎಳೆಯುದ್ದಕ್ಕೂ ಸೀಳು ಬಿಟ್ಟಿತ್ತು.

ಪಕ್ಕಕ್ಕೆ ಎಂಟು ಸಂದು, ಸಂದಿಗೆ ಸರಾಸರಿ 67 ಹೊಲಿಗೆ: ಎರಡೂ ಪಕ್ಕ ಸೇರಿ 1,072 ಹೊಲಿಗೆ, 2,144 ತೂತು. ಪಿಸಿಬಿ ಕೊರೆಯುವ ಕಾರ್ಬೈಡ್ ಮೊನೆ ಕೈಡ್ರಿಲ್ಲಿಗೆ ಆಗದು, ಕೈ ಕೊಂಚ ಅಲುಗಿದರೂ ಲಟಕ್ಕನೆ ಮುರಿಯುತ್ತದೆ. 0.8 ಮಿ.ಮೀ. ಸಾಮಾನ್ಯ ಉಕ್ಕಿನ ಮೊನೆ ಬಾಗಿ ತಡೆದುಕೊಳ್ಳುತ್ತದೆ. ಆರು ಮೊನೆಯಲ್ಲಿ ಕೆಲಸ ಮುಗಿಯಿತು.

ದಾರಕ್ಕೆ ನಾಲ್ಕು ಬಗೆ ನೋಡಿ ಆಯಿತು. ತೆಂಗಿನ ನಾರಿನ ಒಂಟಿ ಎಳೆ ಗಂಟಿನಲ್ಲಿ ಮುರಿಯಿತು. ಹೂ ಕಟ್ಟುವ ನೂಲಿಗೆ ನವಿರು ಎದ್ದಿತು. ಹತ್ತಿಯ ಕ್ರೋಷಾ ದಾರ ಹವೆ ಬದಲಾದ ಹಾಗೆಲ್ಲ ಸಡಿಲ, ಬಿಗಿ ಆಟವಾಡಿತು. ನಿಂತದ್ದು ಚಪ್ಪಲಿ ಹೊಲಿಯುವವರ ಮೇಣ ಹಚ್ಚಿದ ಪಾಲಿಯೆಸ್ಟರ್, 0.4 ಮಿ.ಮೀ., ಕಂದು ಬಣ್ಣ, ಸುಮಾರು 20 ಮೀಟರ್. ಸೂಜಿ ಬೇಡ: ದಾರದ ತುದಿ ಎರಡು ಸೆಂ.ಮೀ.ಗೆ ಫೆವಿಕ್ವಿಕ್ ಹನಿ ಹಾಕಿ, ಒಣಗಿದ ಮೇಲೆ ಓರೆಯಾಗಿ ಕತ್ತರಿಸಿದರೆ ಅದೇ ಸೂಜಿ. ಒಂದು ಸಲಕ್ಕೆ 60 ಸೆಂ.ಮೀ.ಗಿಂತ ಉದ್ದ ಹಿಡಿದರೆ ತೂತಿನ ಅಂಚಿಗೆ ಉಜ್ಜಿ ಮೇಣ ಬಿಡುತ್ತದೆ.

ಅಡ್ಡಪಕ್ಕೆಗಳು ಈ ಸಲ ಅಂಟಿಲ್ಲದೆ ಒಳಗೆ ಕೂತಿವೆ. ಪ್ರತಿ ಪಕ್ಕೆಯನ್ನೂ ಐದು ಕಡೆ ದಾರದಿಂದಷ್ಟೇ ಕಟ್ಟಿದೆ. ಹಲಗೆ ಕೂದಲೆಳೆಯಷ್ಟು ಸರಿದಾಡಲು ಎಡೆಯಿದೆ. ಹೊಲಿಗೆಯನ್ನು ಬರೀ ಅಲಂಕಾರಕ್ಕೆ ಎಂದುಕೊಂಡಿದ್ದರಿಂದಲೇ ಮೊದಲ ಒಡಲು ಹೋದದ್ದು.

ಜುಲೈ

ಮೂತಿಯ ಸಿಂಹ ಯಾಳಿ, 22 ಮಿ.ಮೀ. ಎತ್ತರ. ಇಲ್ಲಿ ಕಿನ್ನಾಳದ ಕಿಟ್ಟಕ್ಕೆ ಸಾಟಿ ಯಾವುದೂ ಇಲ್ಲ: ನೆನೆಸಿ ಒಣಗಿಸಿ ಪುಡಿ ಮಾಡಿದ ಗೋಣಿನಾರು, ಮರದ ಹೊಟ್ಟು, ಹುಣಸೆಬೀಜದ ಸರಿ. ಬರೀ ಕಿಟ್ಟದಲ್ಲೇ ಗೊಂಬೆ ಮಾಡಲು ಹೋದರೆ ಒಣಗುವಾಗ ಬಿರಿಯುತ್ತದೆ. ಒಳಗೆ ಹಗುರ ಮರದ ತಿರುಳು ಕೆತ್ತಿ, ಮೇಲೆ 1 ಮಿ.ಮೀ. ಕಿಟ್ಟ, ಒಣಗಿದ ಮೇಲೆ ಇನ್ನೊಂದು ಪದರ. ಹುಣಸೆ ಸರಿಗೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಚಿಟಿಕೆ ಮೈಲುತುತ್ತ ಸೇರಿಸಿದರೆ ತಡೆಯುತ್ತದೆ. ಅದು ವಿಷ, ಅಡುಗೆ ಪಾತ್ರೆ ಮುಟ್ಟಿಸಬಾರದು.

ಕಲ್ಲಿನ ಲಂಗರು ಬಳಪದ ಕಲ್ಲಿನದು. ಅರದಿಂದ ಐದೇ ನಿಮಿಷದಲ್ಲಿ ರೂಪಕ್ಕೆ ಬಂತು.

ಹಾಯಿಗೆ ಮಲ್‌ಮಲ್ ಬಟ್ಟೆ. ಒಂದು ಹಾಯಿ ಕೆಟ್ಟಿದೆ: ಗಂಡಭೇರುಂಡದ ರೆಕ್ಕೆಯಲ್ಲಿ ಬಣ್ಣ ಎಳೆ ಹಿಡಿದು ಹರಡಿತು. ಬಟ್ಟೆಗೆ ಗಂಜಿ ಹಾಕಿ ಇಸ್ತ್ರಿ ಮಾಡಿ, ಅಕ್ರಿಲಿಕ್ ಬಣ್ಣವನ್ನು ನೀರು ಬೆರೆಸದೆ, ಸ್ಪಂಜಿನಿಂದ ಕೊರೆಯಚ್ಚಿನ ಮೇಲೆ ತಟ್ಟಿದಾಗ ಅಂಚು ಚೂಪಾಗಿ ನಿಂತಿತು. ಸೂರ್ಯನ ಹಾಯಿಗೆ ಈ ತಾಪತ್ರಯ ಇರಲಿಲ್ಲ.

ಬಾಕಿ ಉಳಿದದ್ದು

ಹಿಂಬದಿಯ ಚುಕ್ಕಾಣಿ ಹುಟ್ಟುಗಳು, ಹಗ್ಗಗಳು, ಗಾಜಿನ ಪೆಟ್ಟಿಗೆ. ಪೆಟ್ಟಿಗೆ 50×22×42 ಸೆಂ.ಮೀ., 4 ಮಿ.ಮೀ. ಗಾಜು. ಅಕ್ರಿಲಿಕ್ ಹಗುರ, ಆದರೆ ಒರೆಸಿದಷ್ಟೂ ಸ್ಥಾಯೀ ವಿದ್ಯುತ್ತಿನಿಂದ ದೂಳು ಎಳೆದುಕೊಳ್ಳುತ್ತದೆ. ಅದಿರು ಲಾರಿ ಓಡುವ ರಸ್ತೆ ಬದಿಯ ಮನೆಗಂತೂ ಬೇಡವೇ ಬೇಡ. ತಳದ ಹಿಂಭಾಗದಲ್ಲಿ 5 ಮಿ.ಮೀ.ನ ಎರಡು ತೂತು, ಒಳಗಿನಿಂದ ತೆಳು ಬಟ್ಟೆ ಅಂಟಿಸಿ. ಪೂರ್ತಿ ಮುಚ್ಚಿದರೆ ಎಣ್ಣೆಯ ಆವಿ ಗಾಜಿನ ಒಳಮೈಗೆ ಮಂಜಿನಂತೆ ಕೂರುತ್ತದೆ.

ಹೆಸರುಪಟ್ಟಿ ಪೀಠದ ಎರಡೂ ಬದಿಗೆ. ಉಡುಗೊರೆಯಾಗಿ ಹೋದ ಹಡಗಿನ ಮೂತಿ ಮನೆಯೊಳಗೆ ತಿರುಗಿರಬೇಕು ಎಂದು ವಾಸ್ತು ನೋಡುವವರು ಯಾರಾದರೂ ತಿರುಗಿಸಿಯೇ ತಿರುಗಿಸುತ್ತಾರೆ.