ಅರ್ಧಕ್ಕೆ ನಿಂತ ಕಾಟಾ ಚೀಟಿ

ಕಲಬುರಗಿಯಲ್ಲಿ ಹೊಸ ತೊಗರಿ ಬರೋಕೆ ಶುರುವಾದರೆ ದಾಲ್ ಮಿಲ್‌ಗಳ ಕಾಟಾ ಮುಂದೆ ಲಾರಿಗಳ ಸಾಲು. ನಾನು ನೋಡಿಕೊಳ್ಳುವ ಒಂದು ಮಿಲ್‌ನ ತೂಕದ ಸಾಫ್ಟ್‌ವೇರ್ ವರ್ಷವಿಡೀ ತಣ್ಣಗಿದ್ದು, ಸರಿಯಾಗಿ ಆ ಹೊತ್ತಿಗೇ ಕೈ ಕೊಟ್ಟಿತು.

"ಸರ, ಚೀಟಿ ಅರ್ಧಕ್ಕ ನಿಂತದ ನೋಡ್ರಿ, ಡ್ರೈವರ್ ಬೈಲಾಕತ್ಯಾನ" ಅಂತ ಕಾಟಾ ಹುಡುಗನ ಫೋನ್. ಗಾಡಿ ನಂಬರ್ ಬಂದಿದೆ, ಒಟ್ಟು ತೂಕ ಬಂದಿದೆ, ಖಾಲಿ ಗಾಡಿ ತೂಕದ ಹತ್ತಿರ ಪ್ರಿಂಟರ್ ನಿಂತಿದೆ. ಕೇಬಲ್ ಬದಲಿಸಿದೆ, ರಿಬ್ಬನ್ ಬದಲಿಸಿದೆ. ಸುಮ್ನೆ ಎರಡು ದಿನ ದಂಡ.

ತಪ್ಪು ಇದ್ದದ್ದು ಹಳೇ ಜಾವಾ ಕೋಡ್‌ನಲ್ಲಿ. ಕಾಟಾದಿಂದ ತೂಕ ಓದಿದ ಮೇಲೆ ಯಾರೋ ಪುಣ್ಯಾತ್ಮರು ಆ ಆಬ್ಜೆಕ್ಟ್‌ನ ಫೈನಲೈಝ್ ಮೆಥಡ್ ಅನ್ನು ಕೈಯಾರೆ ಕರೆದಿದ್ದರು. ಆಬ್ಜೆಕ್ಟ್ ಬಿಸಾಡುವ ಮುನ್ನ ಜಾವಾ ತಾನಾಗೇ ಕರೆಯುವ ಕೋಡ್ ಅದು, ಇಲ್ಲಿ ಅದರ ಕೆಲಸ ಕಾಟಾ ಪೋರ್ಟ್ ಮುಚ್ಚೋದು. ಅದು ಮೂಲದಲ್ಲಿ ಪ್ರೊಟೆಕ್ಟೆಡ್, ಅಂದರೆ ಹೊರಗಿನ ಕೋಡ್ ಸುಮ್ಮನೆ ಕರೆಯೋ ಹಾಗಿಲ್ಲ. ಹೊರಗಿಂದ ಕರೆಯೋಕೆ ಅಂತಲೇ ಪಬ್ಲಿಕ್ ಮಾಡಿದ್ದರು! ನಾವು ಕರೆದರೆ ಅದು ಬರೀ ಒಂದು ಮಾಮೂಲಿ ಮೆಥಡ್. ಕೆಲಸ ಆಗಿದೆ ಅಂತ ಜಾವಾ ಕೋಡ್ ಓಡಿಸುವ ಜೆವಿಎಂಗೆ ಗೊತ್ತೇ ಆಗೋದಿಲ್ಲ, ಹಾಗಾಗಿ ಬೇಡದ ಆಬ್ಜೆಕ್ಟ್‌ಗಳ ಕಸ ಗುಡಿಸುವ ಗಾರ್ಬೇಜ್ ಕಲೆಕ್ಟರ್ ಬಂದಾಗ ಅದನ್ನೇ ಇನ್ನೊಮ್ಮೆ ಕರೆಯುತ್ತೆ.

ಎರಡು ಸಲ ಮುಚ್ಚಿದರೆ ಏನಂತೆ, ಅಲ್ವಾ? ಇಲ್ಲೇ ಇರೋದು ಮಜಾ. ಲಿನಕ್ಸ್‌ನಲ್ಲಿ ಫೈಲ್, ಪೋರ್ಟ್, ಪ್ರಿಂಟರ್, ಏನು ತೆರೆದರೂ ಖಾಲಿ ಇರುವ ಅತಿ ಚಿಕ್ಕ ನಂಬರ್ ಸಿಗುತ್ತೆ. ಕಾಟಾ ಪೋರ್ಟ್‌ಗೆ 7 ಸಿಕ್ಕಿತ್ತು ಅಂದುಕೊಳ್ಳಿ. ಅದನ್ನು ಮುಚ್ಚಿದ್ವಿ, ಕೂಡಲೇ ಪ್ರಿಂಟರ್ ತೆರೆದ್ವಿ, ಅದಕ್ಕೂ 7. ಚೀಟಿ ಅರ್ಧ ಆಗುವಾಗ ಕಲೆಕ್ಟರ್ ಬಂತು, ಸತ್ತ ಕಾಟಾ ಆಬ್ಜೆಕ್ಟ್ ತನ್ನ ಹಳೇ 7 ಅನ್ನು ಮತ್ತೆ ಮುಚ್ಚಿತು. ಮುಚ್ಚಿದ್ದು ಪ್ರಿಂಟರ್ ಬಾಗಿಲು. ಲಾಗ್‌ನಲ್ಲಿ 'ಬ್ಯಾಡ್ ಫೈಲ್ ಡಿಸ್ಕ್ರಿಪ್ಟರ್' ಅಂತ ಒಂದೇ ಸಾಲು, ಅಂದರೆ ಆ ನಂಬರ್ ಈಗ ತೆರೆದಿಲ್ಲ ಅಂತ.

ಬೇಸಿಗೆಯಲ್ಲಿ ದಿನಕ್ಕೆ ನಾಲ್ಕು ಗಾಡಿ, ಕಲೆಕ್ಟರ್‌ಗೂ ಕೆಲಸವಿಲ್ಲ. ಸೀಸನ್‌ನಲ್ಲಿ ಗಾಡಿ ಜಾಸ್ತಿ, ಕಸ ಜಾಸ್ತಿ. ಟೆಸ್ಟ್ ಮಾಡಿದಾಗ ಯಾಕೆ ಸಿಗಲಿಲ್ಲ ಅಂದ್ರೆ ಇದಕ್ಕೇ.

ಸಿಡಬ್ಲ್ಯೂಇ ಅನ್ನೋ ಸಾಫ್ಟ್‌ವೇರ್ ದೌರ್ಬಲ್ಯಗಳ ಪಟ್ಟಿಯಲ್ಲಿ ಇದಕ್ಕೆ 586 ಅಂತ ನಂಬರೇ ಇದೆ. 2017ರ ಜಾವಾ 9ರಲ್ಲೇ ಫೈನಲೈಝ್ ಬೇಡ ಅಂದರು, 2022ರ ಜಾವಾ 18ರಲ್ಲಿ ತೆಗೆದೇ ಹಾಕ್ತೀವಿ ಅಂದರು. ಮಿಲ್ ಕಂಪ್ಯೂಟರ್‌ನಲ್ಲಿ ಇರೋದು ಜಾವಾ 8, ಅದಕ್ಕೆ ಯಾರ ಮಾತೂ ಕೇಳಿಸಿಲ್ಲ.

ಫೈನಲೈಝ್ ಕಿತ್ತು ಹಾಕಿದೆ. ಬದಲಿಗೆ ಒಂದು ಕ್ಲೋಸ್ ಮೆಥಡ್, ಈಗಾಗಲೇ ಮುಚ್ಚಿದ್ದರೆ ಸುಮ್ಮನೆ ವಾಪಸ್ ಬರೋಕೆ ಒಂದು ಫ್ಲ್ಯಾಗ್, ಓದುವ ಕಡೆ ಕೆಲಸ ಮುಗಿದ ಕೂಡಲೇ ತಾನಾಗೇ ಕ್ಲೋಸ್ ಕರೆಯುವ ಟ್ರೈ-ವಿತ್-ರಿಸೋರ್ಸಸ್. ಹುಡುಕಿದರೆ ರಿಪೋರ್ಟ್ ಭಾಗದಲ್ಲೂ ಇಂಥವೇ ಮೂರು ಸಾಲು ಇವೆ. ಲಾರಿ ಸಾಲು ಕರಗಲಿ, ಆಮೇಲೆ ಕೈ ಹಾಕ್ತೀನಿ.