ಸರ್ವರ್ ಸುಮ್ನೆ ಬೈಸಿಕೊಂಡಿತು

ಬೆಳಿಗ್ಗೆ ಮಂಡಿಪೇಟೆ ಕಡೆಯ ಒಂದು ಆಫೀಸಿನಿಂದ ಫೋನ್. "ಅಣ್ಣಾ, ಸರ್ವರ್ ಡೌನ್ ಆಗೈತಿ, ಬಿಲ್ಲಿಂಗ್ ನಿಂತೈತಿ, ಲಗೂನ ಬರ್ರಿ." ಹೋಗಿ ನೋಡಿದರೆ ಸರ್ವರ್ ಚೆನ್ನಾಗಿಯೇ ಓಡುತ್ತಿತ್ತು. ಆದರೆ ಐದು ಕಂಪ್ಯೂಟರ್‌ಗಳಿಗೆ ಮಾತ್ರ ಅದು ಸಿಗುತ್ತಿರಲಿಲ್ಲ.

ಮೊದಲು ಕಂಪ್ಯೂಟರ್‌ಗಳನ್ನೆಲ್ಲ ಕೇಬಲ್‌ನಿಂದ ಜೋಡಿಸುವ ನೆಟ್‌ವರ್ಕ್ ಸ್ವಿಚ್ ಮೇಲೆ ಅನುಮಾನ ಬಂತು. ಕೇಬಲ್ ಬದಲಿಸುತ್ತಾ ಒಂದು ಗಂಟೆ ಹೋಯಿತು. ಆಮೇಲೆ ಕಂಪ್ಯೂಟರ್‌ನ ಐಪಿ, ಅಂದರೆ ನೆಟ್‌ವರ್ಕಿನಲ್ಲಿ ಅದರ ವಿಳಾಸ, ತೋರಿಸುವ ಐಪಿಕಾನ್ಫಿಗ್ ಕಮಾಂಡ್ ಹೊಡೆದೆ. ಆ ಆಫೀಸಿನ ಐಪಿಗಳೆಲ್ಲ 10ರಿಂದ ಶುರು. ಈ ಐದಕ್ಕೆ ಮಾತ್ರ 192.168ರ ಐಪಿ! 169.254 ಅಂತ ಬಂದಿದ್ದರೆ ಐಪಿ ಕೊಡುವವರು ಸಿಗದೆ ಕಂಪ್ಯೂಟರ್ ತಾನೇ ಹಾಕಿಕೊಂಡಿದೆ ಅನ್ನಬಹುದಿತ್ತು. ಇಲ್ಲಿ ಬೇರೆ ಯಾರೋ ಕೊಡುತ್ತಿದ್ದಾರೆ. ಗೇಟ್‌ವೇ, ಅಂದರೆ ಆ ಕಂಪ್ಯೂಟರ್‌ಗಳು ಹೊರಗೆ ಹೋಗುವ ಬಾಗಿಲು, ಅದರ ಐಪಿಯನ್ನು ಬ್ರೌಸರ್‌ನಲ್ಲಿ ಹಾಕಿದೆ. ವೈಫೈ ರೂಟರ್‌ನ ಲಾಗಿನ್ ಪುಟ ತೆರೆಯಿತು.

ಗೋಡೌನಿನ ಹುಡುಗ ಮನೆಯ ಹಳೇ ರೂಟರ್ ತಂದು, ಅದರ ಲ್ಯಾನ್ ಪೋರ್ಟಿಗೆ ಆಫೀಸಿನ ಕೇಬಲ್ ಚುಚ್ಚಿದ್ದ. ಅದರಲ್ಲಿ ಡಿಎಚ್‌ಸಿಪಿ, ಅಂದರೆ ಕಂಪ್ಯೂಟರ್‌ಗಳಿಗೆ ತಾನಾಗಿ ಐಪಿ ಹಂಚುವ ವ್ಯವಸ್ಥೆ, ಆನ್ ಇತ್ತು. ಹೀಗೆ ಐಪಿ ಹಂಚುವವರು ಇಬ್ಬರಾದರು. ಸಾಮಾನ್ಯವಾಗಿ ಯಾರು ಮೊದಲು ಉತ್ತರ ಕೊಡುತ್ತಾರೋ ಅವರ ಐಪಿಯನ್ನೇ ಕಂಪ್ಯೂಟರ್ ಹಿಡಿಯುತ್ತದೆ. ಅದಕ್ಕೇ ಕೆಲವು ಸರಿ, ಕೆಲವು ಇಲ್ಲ.

ಹುಡುಗ ಹೆದರಿ ನಿಂತಿದ್ದ. ಬೈಯಲು ಮನಸ್ಸಾಗಲಿಲ್ಲ. ಗೋಡೌನಿನಲ್ಲಿ ಸಿಗ್ನಲ್ ಬರಲ್ಲ, ಸ್ಟಾಕ್ ಹಾಕೋಕಾಗಲ್ಲ ಅಂತ ಅವನು ತಿಂಗಳುಗಟ್ಟಲೆ ಹೇಳಿದ್ದನಂತೆ. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ನಾವು ಹುಡುಕುವ ಎಷ್ಟೋ ಫಾಲ್ಟ್‌ಗಳು ಹೀಗೇ ಶುರುವಾಗಿರುತ್ತವೆ, ಅಲ್ವಾ?

ರೂಟರ್ ಕಿತ್ತು ಹಾಕಲಿಲ್ಲ. ಡಿಎಚ್‌ಸಿಪಿ ಆಫ್ ಮಾಡಿ, ಅದಕ್ಕೂ ಒಂದು 10ರ ಐಪಿ ಕೊಟ್ಟು ಅಲ್ಲೇ ಬಿಟ್ಟೆ. ಎರಡು ಗಂಟೆಗೆ ಬಿಲ್ಲಿಂಗ್ ಶುರುವಾಯಿತು. ಸಂಜೆ ಅವನೇ ಫೋನ್ ಮಾಡಿ ಮಂಡಕ್ಕಿ ಮಿರ್ಚಿ ತಿನ್ನೋಕೆ ಕರೆದ. ಈಗ ಹೊರಟಿದ್ದೇನೆ.