ಹಳೆ ಬಳ್ಳಿಗಳ ಕೆಂಪು ವೈನಿಗಾಗಿ ಡೌರೊ ಕಣಿವೆಗೆ: ಕಲಬುರಗಿ, ಬೀದರ್, ಯಾದಗಿರಿಯಿಂದ ಹೊರಡುವವರಿಗೆ

ಪೋರ್ಚುಗಲ್‌ನ ಡೌರೊ ಕಣಿವೆಗೆ ಹೋಗುವವರಲ್ಲಿ ಬಹಳ ಜನ ಪೋರ್ಟೊ ನಗರದಿಂದ ಬೆಳಿಗ್ಗೆ ಬಸ್ ಹತ್ತಿ, ಎರಡು ದ್ರಾಕ್ಷಿ ತೋಟ ನೋಡಿ, ದೋಣಿಯಲ್ಲಿ ಒಂದು ಸುತ್ತು ಹಾಕಿ ಸಂಜೆಗೆ ಮರಳುತ್ತಾರೆ. ಒಂದೇ ತಾಕಿನಲ್ಲಿ ಹಲವು ತಳಿ ಬೆರೆಸಿ ನೆಟ್ಟ ಹಳೆ ಬಳ್ಳಿಗಳ ವೈನನ್ನು ಸರಿಯಾಗಿ ಸವಿಯಬೇಕೆಂದರೆ ಅಷ್ಟು ಸಾಲದು. ಕಣಿವೆಯೊಳಗೇ ಮೂರು ರಾತ್ರಿ ಉಳಿಯಿರಿ. ದಿನಕ್ಕೆ ಎರಡೇ ತೋಟ ಇಟ್ಟುಕೊಳ್ಳಿ. ಗ್ಲಾಸ್ ಹಿಡಿಯುವ ಮೊದಲು ಬಳ್ಳಿಗಳ ನಡುವೆ ಒಂದು ತಾಸು ನಡೆಯಲು ಅವಕಾಶ ಕೊಡುವ ತೋಟವನ್ನೇ ಆರಿಸಿಕೊಳ್ಳಿ. ಈ ವೈನಿನ ರುಚಿ ನೆಡುವಾಗಲೇ ತೀರ್ಮಾನವಾದದ್ದು. ಆ ನೆಲ, ಆ ಬಳ್ಳಿ ನೋಡದೆ ಕುಡಿದರೆ ಅರ್ಧ ವಿಷಯ ಕೈತಪ್ಪುತ್ತದೆ.

ನಮ್ಮ ಮೂರೂ ಜಿಲ್ಲೆಗಳಿಗೆ ಅನುಕೂಲವಾದ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಹೈದರಾಬಾದಿನ ಶಂಷಾಬಾದ್. ಕಲಬುರಗಿಯವರು ವಾಡಿ–ತಾಂಡೂರು ಮಾರ್ಗದಲ್ಲಿ ಲಿಂಗಂಪಲ್ಲಿಗೆ ನಿಲ್ಲುವ ರೈಲು ಹಿಡಿಯಲಿ. ಅಲ್ಲಿ ಇಳಿದು ಟ್ಯಾಕ್ಸಿಯಲ್ಲಿ ಹೊರವರ್ತುಲ ರಸ್ತೆ ಸೇರಿದರೆ ಊರೊಳಗಿನ ಟ್ರಾಫಿಕ್ ತಪ್ಪುತ್ತದೆ. ಬೀದರಿನವರು ಜಹೀರಾಬಾದ್ ಮೇಲಿಂದ ಬಂದು ಪಟಾನ್‌ಚೆರು ಹತ್ತಿರ ಅದೇ ರಸ್ತೆಗೆ ಹತ್ತಬಹುದು. ಯಾದಗಿರಿಯವರಿಗೆ ನಾರಾಯಣಪೇಟೆ–ಮಹಬೂಬನಗರ ದಾರಿ ಒಳ್ಳೆಯದು, ಹೈದರಾಬಾದ್ ಊರು ಮುಟ್ಟುವ ಮೊದಲೇ ಶಂಷಾಬಾದ್ ಸಿಗುತ್ತದೆ. ಪೋರ್ಚುಗಲ್‌ಗೆ ನೇರ ವಿಮಾನ ಇಲ್ಲ. ದುಬೈ, ದೋಹಾ ಅಥವಾ ಫ್ರಾಂಕ್‌ಫರ್ಟ್‌ನಲ್ಲಿ ಬದಲಿಸಬೇಕು. ಲಿಸ್ಬನ್‌ಗೆ ಇಳಿದರೆ ಅಲ್ಲಿಂದ ಪೋರ್ಟೊಗೆ ರೈಲಿನಲ್ಲಿ ಸುಮಾರು ಮೂರು ತಾಸು.

ಪೋರ್ಚುಗಲ್‌ಗೆ ಬೇಕಾದ ಶೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮುಂಚೆಯಿಂದ ಅರ್ಜಿ ಹಾಕಬಹುದು. ನಿರ್ಧಾರಕ್ಕೆ ಸಾಮಾನ್ಯವಾಗಿ 15 ದಿನ ಹಿಡಿಯುತ್ತದೆ, ಕೆಲವೊಮ್ಮೆ 45 ದಿನದವರೆಗೂ ಎಳೆಯುತ್ತದೆ. 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಎರಡೂವರೆ–ಮೂರು ತಿಂಗಳ ಮೊದಲೇ ಕಾಗದಪತ್ರ ಕೊಟ್ಟುಬಿಡಿ.

ಪೋರ್ಟೊದಿಂದ ಕಣಿವೆಯೊಳಗೆ ಹೋಗಲು ರೈಲೇ ಸರಿ. ರೆಗುವಾ ಊರಿಗೆ ಸುಮಾರು ಎರಡು ತಾಸು, ಪಿನ್ಯಾವ್ ಊರಿಗೆ ಎರಡೂವರೆ ತಾಸು. ಹೋಗುವಾಗ ಬಲಗಡೆ ಕಿಟಕಿ ಹಿಡಿಯಿರಿ, ನದಿ ಆ ಕಡೆಯೇ ಇರುವುದು. ಉಳಿಯಲು ಪಿನ್ಯಾವ್ ಉತ್ತಮ, ಸುತ್ತಲಿನ ತೋಟಗಳು ಹತ್ತಿರ. ಸ್ಟೇಷನ್ ಗೋಡೆಗಳ ಮೇಲಿನ ನೀಲಿ ಹೆಂಚಿನ ಚಿತ್ರಗಳಲ್ಲಿ ಕೊಯ್ಲಿನ ಕೆಲಸ ಹಂತಹಂತವಾಗಿ ಕಾಣುತ್ತದೆ, ಹತ್ತು ನಿಮಿಷ ನಿಂತು ನೋಡಿ. ಅಲ್ಲಿ ಟ್ಯಾಕ್ಸಿ ಕಡಿಮೆ, ಹಿಂದಿನ ದಿನವೇ ಹೇಳಿಡಬೇಕು. ಬಾಡಿಗೆ ಕಾರು ತಗೊಂಡು ತಾವೇ ಓಡಿಸುವ ವಿಚಾರ ಬೇಡ. ರಕ್ತದಲ್ಲಿ ಆಲ್ಕೊಹಾಲ್ ಮಿತಿ ಲೀಟರಿಗೆ 0.5 ಗ್ರಾಂ ಮಾತ್ರ, ಮೇಲಾಗಿ ಬೆಟ್ಟದ ತಿರುವುಗಳು ಬಹಳ ಬಿಗಿ.

ಜುಲೈ–ಆಗಸ್ಟ್ ಬಿಟ್ಟುಬಿಡಿ. ಕಣಿವೆಯಲ್ಲಿ 40 ಡಿಗ್ರಿ ದಾಟುವ ದಿನಗಳಿರುತ್ತವೆ. ಬಿಸಿಲು ನಮಗೆ ಹೊಸದಲ್ಲ, ಆದರೆ ಆ ಬಿಸಿಯಲ್ಲಿ ಮೂಗು ಕೆಲಸ ಮಾಡುವುದಿಲ್ಲ. ಮೇ, ಜೂನ್ ಮೊದಲ ಭಾಗ, ಅಕ್ಟೋಬರ್ ಒಳ್ಳೆಯವು. ಸೆಪ್ಟೆಂಬರ್ ಕೊಯ್ಲಿನ ಕಾಲ. ಲಗಾರ್ ಎಂಬ ಗ್ರಾನೈಟ್ ತೊಟ್ಟಿಯಲ್ಲಿ ದ್ರಾಕ್ಷಿಯನ್ನು ಕಾಲಿನಿಂದ ತುಳಿಯುವುದನ್ನು ಕೆಲವು ತೋಟಗಳಲ್ಲಿ ಆಗ ನೋಡಬಹುದು. ಆದರೆ ತೋಟದವರಿಗೆ ಮಾತಾಡಲು ಪುರುಸೊತ್ತಿರುವುದಿಲ್ಲ, ಬುಕಿಂಗ್ ಎರಡು ತಿಂಗಳು ಮೊದಲೇ ಆಗಬೇಕು.

ಇನ್ನು ತೋಟ. ಡೌರೊ 1756ರಲ್ಲೇ ಗಡಿ ಗುರುತಿಸಿದ ವೈನ್ ಸೀಮೆ. 2001ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ನೆಲ ಶಿಸ್ಟ್ ಕಲ್ಲಿನದು. ನಮ್ಮ ಶಹಾಬಾದ್ ಫರ್ಸಿಯ ಹಾಗೆ ಪದರು ಪದರಾಗಿ ಏಳುತ್ತದೆ. ಆದರೆ ಫರ್ಸಿ ಸುಣ್ಣದಕಲ್ಲು, ನೆಲದಡಿ ಮಟ್ಟಸವಾಗಿ ಮಲಗಿರುತ್ತದೆ. ಶಿಸ್ಟ್ ಪದರುಗಳು ಅಲ್ಲಿ ಬಹುತೇಕ ಕಡೆ ಓರೆಯಾಗಿ, ಕೆಲವೆಡೆ ನೆಟ್ಟಗೆ ನಿಂತಿವೆ. ಆ ಸೀಳುಗಳಲ್ಲಿ ಮಳೆನೀರು ಇಳಿಯುತ್ತದೆ, ಬೇರು ಅದರ ಹಿಂದೆಯೇ ಆಳಕ್ಕೆ ಹೋಗುತ್ತದೆ. ಹಳೆ ಬಳ್ಳಿ ನೀರಾವರಿ ಇಲ್ಲದೆ ಬೇಸಿಗೆ ದಾಟುವುದು ಇದರಿಂದ. ಎಳೆಯ ಬಳ್ಳಿಯ ಬೇರು ಅಷ್ಟು ಇಳಿದಿರುವುದಿಲ್ಲ. ಬರದ ವರ್ಷ ಅದರ ಎಲೆ ಹಳದಿಗಟ್ಟಿ ಉದುರುತ್ತದೆ, ಹಣ್ಣು ಮಾಗದೆಯೇ ಸುಕ್ಕುಗಟ್ಟುತ್ತದೆ.

ಹಳೆ ತಾಕನ್ನು ಗುರುತಿಸುವುದು ಸುಲಭ. ಗಾರೆಯಿಲ್ಲದೆ ಕಟ್ಟಿದ ಕಲ್ಲಿನ ಗೋಡೆ, ಇಕ್ಕಟ್ಟಾದ ಮೆಟ್ಟಿಲು ಗದ್ದೆ, ಮೊಣಕಾಲೆತ್ತರದ ತಿರುಚಿದ ಕಾಂಡ, ಟ್ರ್ಯಾಕ್ಟರ್ ಹೋಗಲಾರದಷ್ಟು ಹತ್ತಿರದ ಸಾಲು. ಹತ್ತು ಬಳ್ಳಿಯ ಎಲೆಗಳನ್ನು ಒಂದೊಂದಾಗಿ ನೋಡುತ್ತ ಹೋಗಿ. ಒಂದರದು ಆಳವಾಗಿ ಕತ್ತರಿಸಿದಂತೆ ಐದು ಹಾಲೆ, ಪಕ್ಕದ್ದು ಹೆಚ್ಚುಕಮ್ಮಿ ದುಂಡಗೆ, ಇನ್ನೊಂದರ ಹಿಂಬದಿಯಲ್ಲಿ ಬಿಳಿ ರೋಮ. ಅಕ್ಟೋಬರ್ ಕೊನೆಗೆ ಹೋದರೆ ಒಂದು ಬಳ್ಳಿ ಕೆಂಪು, ಮಗ್ಗುಲಿನದು ಹಳದಿ, ಮತ್ತೊಂದು ಇನ್ನೂ ಹಸಿರು. ತಳಿಗಳು ಬೆರೆತಿವೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಒಂದೇ ತಾಕಿನಲ್ಲಿ ಇಪ್ಪತ್ತು, ಮೂವತ್ತು, ಕೆಲವೆಡೆ ನಲವತ್ತಕ್ಕೂ ಹೆಚ್ಚು ತಳಿಗಳಿರುತ್ತವೆ, ನಡುನಡುವೆ ಬಿಳಿ ದ್ರಾಕ್ಷಿಯೂ ಸೇರಿರುತ್ತದೆ. ಹಿಂದಿನ ರೈತರಿಗೆ ಇದು ಭದ್ರತೆ. ಒಂದು ತಳಿಗೆ ಹೂವಿನ ಕಾಲದಲ್ಲಿ ಮಳೆ ಬಡಿದರೆ ಇನ್ನೊಂದು ಉಳಿಯುತ್ತಿತ್ತು. ಬಸ್ಟಾರ್ಡೊ ಬೇಗ ಮಾಗುತ್ತದೆ, ಟಿಂಟೊ ಕಾವ್ ತಡವಾಗಿ. ಟಿಂಟಾ ಬರೋಕಾ ಸಕ್ಕರೆ ಕೊಡುತ್ತದೆ, ಸೋಸಾವ್ ಗಾಢ ಬಣ್ಣ ಮತ್ತು ಹುಳಿ, ಟೂರಿಗಾ ನಾಸಿಯೊನಾಲ್ ಹೂವಿನ ಪರಿಮಳ. ಎಲ್ಲವನ್ನೂ ಒಂದೇ ಸಲ ಕೊಯ್ದು ಒಂದೇ ತೊಟ್ಟಿಯಲ್ಲಿ ಹುದುಗಿಸುತ್ತಾರೆ. ಹಾಗಾಗಿ ಸ್ವಲ್ಪ ಹಣ್ಣು ಅತಿಯಾಗಿ ಮಾಗಿರುತ್ತದೆ, ಸ್ವಲ್ಪ ಇನ್ನೂ ಗಟ್ಟಿ ಹುಳಿ. ಸಿಹಿಹಣ್ಣಿನ ಭಾರ ಒಂದು ಕಡೆ, ಹುಳಿಯ ಬಿಗಿ ಇನ್ನೊಂದು ಕಡೆ ಇದ್ದೂ ವೈನ್ ಒಡೆದುಕೊಳ್ಳದೆ ನಿಲ್ಲುವುದು ಇದರಿಂದಲೇ. 1980ರ ದಶಕದ ಮರುನಾಟಿಯಲ್ಲಿ ಐದು ತಳಿಗಳನ್ನು ಆರಿಸಿ ಬೇರೆ ಬೇರೆ ತಾಕುಗಳಲ್ಲಿ ನೆಡುವ ಪದ್ಧತಿ ಬಲವಾಯಿತು. ಉಳಿದ ಹಳೆ ತಾಕುಗಳು ಆದ್ದರಿಂದಲೇ ಇಷ್ಟು ಬೆಲೆಯುಳ್ಳವು. ಕಿಂಟಾ ಡೊ ಕ್ರಾಸ್ಟೊ ಎಂಬ ತೋಟದವರು ತಮ್ಮ ನೂರು ವರ್ಷ ದಾಟಿದ ಮರಿಯಾ ತೆರೆಜಾ ತಾಕಿನಲ್ಲಿ ಪ್ರತಿ ಬಳ್ಳಿಯ ತಳಿ ಗುರುತಿಸುವ ಕೆಲಸ ಕೈಗೊಂಡಿದ್ದಾರೆ. ಸತ್ತ ಬಳ್ಳಿಯ ಜಾಗಕ್ಕೆ ಅದೇ ತಳಿ ಬರಲಿ ಎನ್ನುವ ಉದ್ದೇಶ. ಇಂಥ ಕಾಳಜಿ ಮನಸಾರೆ ಮೆಚ್ಚಬೇಕಾದದ್ದು.

ಲೇಬಲ್ ಮೇಲೆ "ವಿನ್ಯಾಸ್ ವೆಲ್ಯಾಸ್" ಎಂದಿದ್ದರೆ ಹಳೆ ಬಳ್ಳಿ ಎಂದರ್ಥ. ಅಷ್ಟಕ್ಕೇ ನಿಲ್ಲಬೇಡಿ. ನೆಟ್ಟಿದ್ದು ಯಾವಾಗ, ಎಷ್ಟು ತಳಿ, ಒಟ್ಟಿಗೆ ಕೊಯ್ದದ್ದೋ ಆಮೇಲೆ ಬೆರೆಸಿದ್ದೋ ಎಂದು ಕೇಳಿ. ಬುಕ್ ಮಾಡುವಾಗಲೇ ಎಳೆ ಬಳ್ಳಿಯ ವೈನ್ ಮತ್ತು ಹಳೆ ಬಳ್ಳಿಯದು, ಎರಡೂ ಒಂದೇ ವರ್ಷದ್ದು, ಪಕ್ಕಪಕ್ಕದಲ್ಲಿ ಕೊಡಿ ಎಂದು ಬರೆದುಬಿಡಿ. ಹೋಲಿಸಿ ನೋಡದೆ ವ್ಯತ್ಯಾಸ ಸಿಗುವುದಿಲ್ಲ. ಸಿಹಿಯಾದ ಪೋರ್ಟ್ ವೈನ್ ಕೊನೆಗೇ ಇರಲಿ. ಮೊದಲು ಕುಡಿದರೆ ನಂತರದ ಒಣ (ಸಿಹಿಯಿಲ್ಲದ) ವೈನ್ ಬರೀ ಹುಳಿ ಎನಿಸುತ್ತದೆ.

ಗ್ಲಾಸಿಗೆ 50 ಮಿಲಿ ಸಾಕು. ಮೊದಲು ತಿರುಗಿಸದೆ ಮೂಸಿ, ಆಮೇಲೆ ತಿರುಗಿಸಿ ಮೂಸಿ. ಚಿಕ್ಕ ಗುಟುಕು ಬಾಯೆಲ್ಲ ಆಡಿಸಿ ಹತ್ತು ಎಣಿಸುವಷ್ಟು ಹೊತ್ತು ಇಟ್ಟುಕೊಂಡು, ಬಕೆಟ್ಟಿಗೆ ಉಗುಳಿ. ಉಗುಳಲು ಸಂಕೋಚ ಬೇಡ, ಬಲ್ಲವರೆಲ್ಲ ಅದನ್ನೇ ಮಾಡುತ್ತಾರೆ. ಶೇ. 14ರ ಆರು ವೈನ್ ನುಂಗಿದರೆ 33 ಗ್ರಾಂ ಶುದ್ಧ ಆಲ್ಕೊಹಾಲ್ ಹೊಟ್ಟೆ ಸೇರುತ್ತದೆ, ಮಧ್ಯಾಹ್ನದ ತೋಟಕ್ಕೆ ನಾಲಗೆ ಉಳಿಯುವುದಿಲ್ಲ. ಹಳೆ ಬಳ್ಳಿಯದರಲ್ಲಿ ಕೆಲವೊಮ್ಮೆ ಹಣ್ಣಿಗಿಂತ ಮೊದಲು ಒಣ ಮಣ್ಣು, ಒಣಗಿದ ಎಲೆ, ಅಣಬೆಯ ವಾಸನೆ ಬರುತ್ತದೆ. ಉಗುಳಿದ ಮೇಲೆ ಬಾಯಂಚಿನಲ್ಲಿ ಉಪ್ಪಿನಂಥ ಚುರುಕು, ಒಸಡಿನ ಮೇಲೆ ಸಣ್ಣ ಪುಡಿಯಂಥ ಒಗರು ಉಳಿಯುತ್ತದೆ. ಈ "ಕಲ್ಲಿನ ರುಚಿ" ಕಲ್ಲಿನಿಂದ ನೇರವಾಗಿ ಬರುವುದಲ್ಲ. ಬೇರು ಹೀರುವ ಖನಿಜ ವೈನಿನಲ್ಲಿ ನಾಲಗೆಗೆ ತಿಳಿಯುವಷ್ಟು ಇರುವುದಿಲ್ಲ. ಹುಳಿ ಚೆನ್ನಾಗಿದ್ದು, ಹಣ್ಣಿನ ಅಬ್ಬರ ಕಡಿಮೆಯಿದ್ದು, ಹುದುಗುವಾಗ ಹುಟ್ಟುವ ಕೆಲವು ಗಂಧಕದ ಸಂಯುಕ್ತಗಳು ಸೇರಿದಾಗ ಹಾಗೆ ಅನಿಸುತ್ತದೆ.

ಕೆಟ್ಟ ವೈನನ್ನೂ "ಮಣ್ಣಿನ ಗುಣ" ಎಂದು ಒಪ್ಪಿಕೊಳ್ಳುವುದು ಹೊಸಬರಲ್ಲಿ ಬಹಳ. ಒದ್ದೆ ರಟ್ಟಿನ ವಾಸನೆ ಇದ್ದು ಹಣ್ಣು ಸತ್ತಂತಿದ್ದರೆ ಅದು ಬೂಚಿನಿಂದ ಬಂದ, ಟಿಸಿಎ ಎಂಬ ರಾಸಾಯನಿಕದ ದೋಷ. ಎಷ್ಟು ಹೊತ್ತು ಬಿಟ್ಟರೂ ಹೋಗದು, ಬೇರೆ ಬಾಟಲಿ ಕೇಳಿ. ಕುದುರೆ ಲಾಯ, ಔಷಧಿ ಪಟ್ಟಿಯ ವಾಸನೆ ಬ್ರೆಟನೊಮೈಸಿಸ್ ಯೀಸ್ಟಿನದು. ಗಾಳಿಗಿಟ್ಟಷ್ಟೂ ಅದೇ ಮುಂದಾದರೆ ದೋಷವೆಂದೇ ತಿಳಿಯಿರಿ. ಗೀರಿದ ಬೆಂಕಿಕಡ್ಡಿಯ ವಾಸನೆಗೆ ಮಾತ್ರ ಹೆದರಬೇಡಿ, ಗ್ಲಾಸ್ ಜೋರಾಗಿ ತಿರುಗಿಸಿ ಹತ್ತು ನಿಮಿಷ ಬಿಟ್ಟರೆ ಸಾಮಾನ್ಯವಾಗಿ ಹೋಗುತ್ತದೆ.

ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗುವುದು ನಮ್ಮ ಪದ್ಧತಿ, ಹೋಗಲಿ. ಆದರೆ ಹಿಂಡಿ ರಾತ್ರಿ ಊಟಕ್ಕಿರಲಿ. ಖಾರ ನಾಲಗೆಯ ಮೇಲಿರುವಾಗ ಆಲ್ಕೊಹಾಲ್ ಉರಿಯುತ್ತದೆ, ಒಗರು ಎರಡರಷ್ಟಾಗುತ್ತದೆ. ಬರೀ ರೊಟ್ಟಿ ಬೆಳಗಿನ ತಿಂಡಿಗೆ ಬಹಳ ಒಳ್ಳೆಯದು. ಎಲೆ ಅಡಿಕೆ, ತಂಬಾಕು, ಘಾಟಿನ ಅತ್ತರು ಆ ದಿನ ಬೇಡ. ಶುದ್ಧ ಸಸ್ಯಾಹಾರಿಗಳು ಒಂದು ವಿಷಯ ತಿಳಿದಿರಲಿ. ಕೆಂಪು ವೈನ್ ತಿಳಿಗೊಳಿಸಲು ಮೊಟ್ಟೆಯ ಬಿಳಿ ಅಥವಾ ಜೆಲಟಿನ್ ಬಳಸುವವರಿದ್ದಾರೆ, ಏನೂ ಬಳಸದೆ ಹಾಗೇ ತುಂಬುವವರೂ ಇದ್ದಾರೆ. "ವೀಗನ್" ಹೌದೋ ಎಂದು ಕೇಳಿ. ಊಟದ ಹೋಟೆಲಿನಲ್ಲಿ ಕಾಲ್ಡೊ ವೆರ್ಡೆ ಎಂಬ ಸೊಪ್ಪಿನ ಸಾರಿನ ಮೇಲೆ ಹಂದಿ ಸಾಸೇಜಿನ ತುಂಡು ಇರುತ್ತದೆ. ಕೇಳದೆಯೇ ತಂದಿಡುವ ಬ್ರೆಡ್, ಆಲಿವ್‌ಗಳಿಗೂ ಬಿಲ್ ಬರುತ್ತದೆ, ಬೇಡವಾದರೆ ವಾಪಸು ಕಳಿಸಿ.

ಭಾರತಕ್ಕೆ ಸುಂಕವಿಲ್ಲದೆ ತರಬಹುದಾದದ್ದು ಒಬ್ಬರಿಗೆ ಎರಡು ಲೀಟರ್. 750 ಮಿಲಿಯ ಮೂರು ಬಾಟಲಿ ಎಂದರೆ ಮಿತಿ ಮೀರಿತು, ಎರಡಕ್ಕೇ ನಿಲ್ಲಿಸಿ. ಚೆಕ್‌ಇನ್ ಸೂಟ್‌ಕೇಸಿನ ನಡುವೆ ಬಟ್ಟೆ ಸುತ್ತಿ ಇಡಿ, ಬಿಲ್ ಜೊತೆಗಿರಲಿ. ಶಂಷಾಬಾದಿನಿಂದ ಊರಿಗೆ ಬರುವಾಗ ದಾರಿಯಲ್ಲಿ ಊಟಕ್ಕೆ ನಿಂತರೆ ಬಾಟಲಿಗಳನ್ನು ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ. ಬಿಸಿಗೆ ವೈನ್ ಹಿಗ್ಗಿ ಬೂಚನ್ನು ಮೇಲೆ ತಳ್ಳುತ್ತದೆ, ಬೆಂದ ಹಣ್ಣಿನ ರುಚಿ ಹಿಡಿಯುತ್ತದೆ.

ಮನೆಯಲ್ಲಿ ಫ್ರಿಜ್ಜಿನ ಕೆಳಗಿನ ಭಾಗದಲ್ಲಿಡಿ. ಕಲಬುರಗಿಯ ಏಪ್ರಿಲ್‌ನಲ್ಲಿ ಕಪಾಟು ಸುರಕ್ಷಿತವಲ್ಲ. ತೆರೆಯುವ ಹಿಂದಿನ ದಿನ ನೆಟ್ಟಗೆ ನಿಲ್ಲಿಸಿದರೆ ಗಸಿ ತಳಕ್ಕೆ ಕೂರುತ್ತದೆ. ಬಡಿಸಲು 16ರಿಂದ 18 ಡಿಗ್ರಿ ಸರಿ. ಫ್ರಿಜ್ಜಿನಿಂದ ತೆಗೆದು ಚಳಿಗಾಲದಲ್ಲಿ ಒಂದು ತಾಸು, ಬೇಸಿಗೆಯಲ್ಲಿ ಅರ್ಧ ತಾಸು ಬಿಡಿ. ಗಾಜಿನ ಜಗ್ಗಿಗೆ ನಿಧಾನವಾಗಿ ಬಗ್ಗಿಸುತ್ತ, ಗಸಿ ಕುತ್ತಿಗೆಗೆ ಬಂದಾಗ ನಿಲ್ಲಿಸಿ. ಖಾರ ಇಳಿಸಿ ಮಾಡಿದ ಎಣ್ಣೆಗಾಯಿ ಇದಕ್ಕೆ ಬಹಳ ಹೊಂದುತ್ತದೆ, ಶೇಂಗಾ ಎಳ್ಳಿನ ಜಿಡ್ಡು ಒಗರನ್ನು ಮೆತ್ತಗೆ ಮಾಡುತ್ತದೆ. ಉಳಿದದ್ದಕ್ಕೆ ಬೂಚು ಹಾಕಿ ಫ್ರಿಜ್ಜಿನಲ್ಲಿಟ್ಟರೆ ಎರಡು–ಮೂರು ದಿನ ಕೆಡುವುದಿಲ್ಲ.